ಅರುಂಧತಿ ಕಾಣದ ರಾತ್ರಿ

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದಳು. “ಅಜ್ಜಿ, ಡಿಮ್, ಫೇಂಟ್, ಬ್ಲರ್, ಇನ್‌ವಿಸಿಬಲ್... ಎಲ್ಲದಕ್ಕೂ ‘ಸರಿಯಾಗಿ ಕಾಣಲ್ಲ’ ಅಂತ ತಾನೇ ಅರ್ಥ? ಮತ್ತೆ ನಾಲ್ಕು ಪದ ಯಾಕೆ?”

“ಬಾ, ಮನೆಯಲ್ಲೇ ತೋರಿಸ್ತೀನಿ” ಎಂದೆ.

ದೇವರ ಮನೆಯಲ್ಲಿ ಎಣ್ಣೆ ತೀರುತ್ತಾ ಬಂದ ದೀಪವಿತ್ತು. “ಇಲ್ಲಿ ಬೆಳಕೇ ಕಡಿಮೆ. ಇದು ಡಿಮ್.”

ಅವಳ ನೋಟ್‌ಬುಕ್ಕಿನಲ್ಲಿ ರಬ್ಬರಿನಿಂದ ಅಳಿಸಿದ ಮೇಲೂ ಉಳಿದ ಪೆನ್ಸಿಲ್ ಗೆರೆ ತೋರಿಸಿದೆ. “ಬೆಳಕು ಬೇಕಾದಷ್ಟಿದೆ, ಗೆರೆಯೇ ತೆಳು. ಇದು ಫೇಂಟ್. ದೂರದಿಂದ ಬರುವ ಸಣ್ಣ ಸದ್ದಿಗೂ ಈ ಪದ ಬಳಸಬಹುದು.”

ಅವಳಪ್ಪ ಓಡುವ ಬಸ್ಸಿನಿಂದ ತೆಗೆದ ಫೋಟೊದಲ್ಲಿ ಮರ ಯಾವುದು, ಮನೆ ಯಾವುದು ಗೊತ್ತಾಗದಂತೆ ಅಂಚುಗಳೆಲ್ಲ ಕಲಸಿಹೋಗಿದ್ದವು. ಅದು ಬ್ಲರ್.

ಕೊನೆಗೆ ಮೊಸರಿನ ಪಾತ್ರೆ. “ನಿನ್ನೆ ರಾತ್ರಿ ಹೆಪ್ಪು ಹಾಕಿದ ಹಾಲನ್ನು ಮೊಸರು ಮಾಡಿದ ಬ್ಯಾಕ್ಟೀರಿಯಾ ಇದರಲ್ಲೇ ಇವೆ. ಎಷ್ಟು ಕಣ್ಣರಳಿಸಿದರೂ ಕಾಣಲ್ಲ. ಬರಿಗಣ್ಣಿಗೆ ಅವು ಇನ್‌ವಿಸಿಬಲ್.”

“ಮೈಕ್ರೋಸ್ಕೋಪಿನಲ್ಲಿ ಕಾಣುತ್ತಲ್ಲ?”

“ಕಾಣುತ್ತೆ. ಅದಕ್ಕೇ ಅವನ್ನು ಮೈಕ್ರೋಸ್ಕೋಪಿಕ್ ಅಂತಲೂ ಹೇಳ್ತಾರೆ.”

ಪಾಠ ಮುಗಿಯಿತು ಎಂದುಕೊಂಡೆ. ರಾತ್ರಿ ಮಾಳಿಗೆಯ ಮೇಲೆ ಸಪ್ತರ್ಷಿ ಮಂಡಲ ತೋರಿಸುತ್ತಾ, “ಬಾಲದ ತುದಿಯಿಂದ ಎರಡನೆಯವನು ವಸಿಷ್ಠ. ಪಕ್ಕದಲ್ಲೇ ಅರುಂಧತಿ. ಅವಳು ಬಹಳ ಫೇಂಟ್, ಕಾಣೋದು ಕಷ್ಟ” ಎಂದೆ.

“ನನಗೆ ಕಾಣ್ತಾ ಇದಾಳೆ. ನಿನಗೆ?”

“ಇಲ್ಲ.”

“ವಸಿಷ್ಠ ಹೇಗೆ ಕಾಣ್ತಾನೆ?”

“ಹಿಂಜಿದ ಹತ್ತಿಯ ಹಾಗೆ” ಎಂದುಬಿಟ್ಟೆ.

“ಹಾಗಾದರೆ ಅರುಂಧತಿದು ತಪ್ಪಿಲ್ಲ ಅಜ್ಜಿ. ನಿನ್ನ ಕಣ್ಣೇ ಬ್ಲರ್!”

ಸಿಕ್ಕಿಬಿದ್ದೆ. ವರ್ಷದಿಂದ ನಾನು ಬಲ್ಬು ಡಿಮ್ ಎಂದು ಬೈಯುತ್ತಿದ್ದೆ, ಪತ್ರಿಕೆಯ ಅಚ್ಚು ಫೇಂಟ್ ಎಂದು ದೂರುತ್ತಿದ್ದೆ. ಆಪರೇಷನ್ ಎಂದರೆ ಹೆದರಿಕೆ. ಅದಕ್ಕೇ ಮಗನಿಗೂ ಹೇಳಿರಲಿಲ್ಲ.

ಮರುದಿನ ಅವಳೇ ಅಪ್ಪನಿಗೆ ಹೇಳಿದಳು. ಕಣ್ಣಿನ ಡಾಕ್ಟರು ಮೊದಲು ಕೇಳಿದ್ದು “ಕಾಣಲ್ವಾ?” ಎಂದಲ್ಲ. “ಹೇಗೆ ಕಾಣುತ್ತೆ? ಮಂಜು ಮಂಜಾ, ಎರಡೆರಡಾ, ದೀಪದ ಸುತ್ತ ಬಳೆ ಕಟ್ಟುತ್ತಾ?” ಎಂದು. ಪರೀಕ್ಷೆ ಮಾಡಿ, ಪೊರೆ ಬಂದಿದೆ ಎಂದರು. ಕಣ್ಣೊಳಗಿನ ತಿಳಿಯಾದ ಮಸೂರವೇ ಮಬ್ಬಾಗುವುದು ಪೊರೆ. ಅದನ್ನು ತೆಗೆದು ಕೃತಕ ಮಸೂರ ಇಟ್ಟರು. ಅದೇ ದಿನ ಮನೆಗೆ ಬಂದೆ. ವರ್ಷವಿಡೀ ಹೆದರಿದ್ದು ಇಷ್ಟಕ್ಕೇನಾ ಎನ್ನಿಸಿತು.

ಕೆಲವು ವಾರಗಳ ಮೇಲೆ ಮತ್ತೆ ಮಾಳಿಗೆ ಹತ್ತಿದೆವು. ವಸಿಷ್ಠನ ಪಕ್ಕದಲ್ಲಿ ಅರುಂಧತಿ, ಸಾಸಿವೆ ಕಾಳಿನಷ್ಟು. ಕೆಳಗಿಳಿದು ಬಂದರೆ ಕಪಾಟಿನ ಮೇಲಿನ ಧೂಳೂ ಕಂಡಿತು, ಅದು ಬೇರೆ ಮಾತು!

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನು “ಕಾಣುತ್ತಾ?” ಎಂದು ಕೇಳಿದರೆ “ಹೂಂ” ಅಂತಲೇ ಅನ್ನುತ್ತಾರೆ. “ಹೇಗೆ ಕಾಣುತ್ತೆ?” ಎಂದು ಕೇಳಿ ನೋಡಿ.