ನೈಋತ್ಯದ ಆ ಬೆಳಕು

2020ರ ಆಗಮನ ಕಾಲವನ್ನು ನಮ್ಮ ತಂದೆಯವರು ಮನೆಯಲ್ಲೇ ಕಳೆದರು. ಎಂಬತ್ತೆರಡರ ವಯಸ್ಸು, ಹೊರಗೆ ಕೊರೋನಾ. ಭಾನುವಾರದ ಬಲಿಪೂಜೆಯನ್ನು ಮೊಬೈಲಿನ ತೆರೆಯಲ್ಲಿ ನೋಡಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ಕೂಡಿಕೊಂಡಂತೆ ಕಾಣುವವೆಂದು ಓದಿದಾಗ, ಮಹಡಿ ಹತ್ತಲಾರದ ತಮಗೆ ಅದರ ಚಿತ್ರವನ್ನಾದರೂ ತೋರಿಸೆಂದು ಕೇಳಿದರು.

ಪತ್ರಿಕೆಗಳು ಅದನ್ನು ಕ್ರಿಸ್‌ಮಸ್ ನಕ್ಷತ್ರವೆಂದೇ ಕರೆದಿದ್ದವು. 1603ರಲ್ಲಿ ಇಂತಹುದೇ ಸಮಾಗಮವನ್ನು ಕಂಡಿದ್ದ ಕೆಪ್ಲರ್, ಕ್ರಿ.ಪೂ. 7ರಲ್ಲಿಯೂ ಈ ಗ್ರಹಗಳು ಸಮೀಪಿಸಿದ್ದವೆಂದು ಲೆಕ್ಕಹಾಕಿ ಬೆತ್ಲೆಹೇಮಿನ ತಾರೆಯೊಡನೆ ನಂಟು ಕಲ್ಪಿಸಿದ್ದನು. ಸಂತ ಮತ್ತಾಯನ ಶುಭಸಂದೇಶ ಇದಾವುದನ್ನೂ ಹೇಳುವುದಿಲ್ಲ. ಜೋಯಿಸರು ಎಷ್ಟು ಮಂದಿಯೆಂದೂ ಹೇಳುವುದಿಲ್ಲ. ಗೋದಲಿಯಲ್ಲಿ ಮೂವರನ್ನು ನಿಲ್ಲಿಸುವವರು ನಾವು. ಹಾಗಾಗಿ ಆ ಹೆಸರನ್ನು ಒಪ್ಪಲು ನನಗೆ ಅವಸರವಿರಲಿಲ್ಲ.

ಕತ್ರಿಗುಪ್ಪೆಯ ನಮ್ಮ ಮಹಡಿಯಿಂದ ನೈಋತ್ಯಕ್ಕೆ ಬರೀ ಕಟ್ಟಡಗಳ ಸಾಲು. ಆರೂವರೆಯ ಹೊತ್ತಿಗೆ ಅವುಗಳ ಮೇಲೆ, ಮೋಡದ ಬಿರುಕಿನಲ್ಲಿ, ಬೆಳಕು ಕಾಣಿಸಿತು. ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿದೆ. ಕ್ಷಣಾರ್ಧ ತೆರೆದರೆ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಮೂಡಿದವು. ನಡುವಣ ಅಂತರ ಹುಣ್ಣಿಮೆ ಚಂದ್ರನ ಅಗಲದ ಐದರಲ್ಲೊಂದು ಪಾಲು. ಎರಡು ಸೆಕೆಂಡು ತೆರೆದರೆ, 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಗುರುವಿನ ಉಪಗ್ರಹಗಳೂ ಸಣ್ಣಗೆ ಇಣುಕುತ್ತಿದ್ದವು. ಆದರೆ ಭೂಮಿ ತಿರುಗುತ್ತಿರುವುದರಿಂದ ಎಲ್ಲವೂ ಗೀಟಿನಂತೆ ಎಳೆದುಕೊಳ್ಳುತ್ತಿದ್ದವು. ಒಂದನ್ನು ಹಿಡಿಯಹೋದರೆ ಮತ್ತೊಂದು ಕೆಡುತ್ತಿತ್ತು.

ಕೆಳಗಿಳಿದು ತೋರಿಸಿದೆ.

“ಇಷ್ಟು ಹತ್ತಿರವೇ?” ಎಂದರು ತಂದೆ.

ಹತ್ತಿರವಲ್ಲ, ಗುರು ನಮ್ಮಿಂದ ಸುಮಾರು 89 ಕೋಟಿ ಕಿಲೋಮೀಟರ್, ಶನಿ 162 ಕೋಟಿ. ನಾವು ನಿಂತ ಕಡೆಯಿಂದ ಹಾಗೆ ತೋರುತ್ತದೆ, ಶನಿಯ ಬೆಳಕು ಅಲ್ಲಿಂದ ಹೊರಟೇ ಒಂದೂವರೆ ಗಂಟೆಯಾಗಿದೆ, ಇಷ್ಟು ಸನಿಹ ಮತ್ತೆ ಕಾಣುವುದು 2080ರಲ್ಲಿ ಎಂದೆಲ್ಲ ವಿವರಿಸಿದೆ. ಅವರು ನಕ್ಕರು.

“ಅದಿರಲಿ, ಕಣ್ಣಿಗೆ ಹೇಗೆ ಕಂಡಿತು?”

ಉತ್ತರ ಹೊಳೆಯಲಿಲ್ಲ. ಅರವತ್ತಕ್ಕೂ ಹೆಚ್ಚು ಚಿತ್ರ ತೆಗೆದಿದ್ದೆ. ಕ್ಯಾಮೆರಾದ ತೆರೆಯಿಂದ ತಲೆಯೆತ್ತಿ ಒಂದು ನಿಮಿಷವೂ ನೋಡಿರಲಿಲ್ಲ. ಮತ್ತೆ ಮಹಡಿಗೆ ಓಡಿದೆ. ಗ್ರಹಗಳು ಕಟ್ಟಡಗಳ ಹಿಂದೆ ಇಳಿದುಹೋಗಿದ್ದವು.

ಮರುದಿನ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ತಮ್ಮನೂ ನಾನೂ ತಂದೆಯವರನ್ನು ಕುರ್ಚಿಯ ಸಮೇತ ಹೊತ್ತು, ಪ್ರತಿ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತ ಮೇಲೆ ಒಯ್ದೆವು. ಅವರು ಶಾಲು ಹೊದ್ದು ಬಹಳ ಹೊತ್ತು ಅತ್ತಲೇ ನೋಡಿದರು.

“ನನಗೆ ಒಂದೇ ಕಾಣುತ್ತದೆ” ಎಂದರು.

ನಾನು ತಿದ್ದಲಿಲ್ಲ. ಅದು ಮುಳುಗುವವರೆಗೂ ಅಲ್ಲಿಯೇ ಕುಳಿತಿದ್ದೆವು.