ಎರರ್ ಓದುವ ಸುಖ

ಹಳೆಯ ಕನ್ನಡ ಸಿನಿಮಾಗಳ ವಿವರ ಇಟ್ಟುಕೊಂಡ ಸಣ್ಣದೊಂದು ವೆಬ್ ಆಪನ್ನು ಮೊನ್ನೆ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ದಾಟಿಸಿದೆ. ಸಾಲುಗಳ ಲೆಕ್ಕ ಸರಿಹೋಯಿತು, ಪುಟಗಳು ತೆರೆದವು, ಲಾಗ್‌ನಲ್ಲಿ ಒಂದು ಎರರೂ ಇಲ್ಲ. ಆದರೆ ನಟರ ಪಟ್ಟಿಯಲ್ಲಿ ರಾಜ್‌ಕುಮಾರ್ ಇಬ್ಬರಿದ್ದರು! ಒಬ್ಬರ ಕೆಳಗೆ ‘ಬೇಡರ ಕಣ್ಣಪ್ಪ’, ಇನ್ನೊಬ್ಬರ ಕೆಳಗೆ ‘ಕಸ್ತೂರಿ ನಿವಾಸ’. ಹಳೆಯ ಡೇಟಾಬೇಸಿನಲ್ಲಿ ಇಬ್ಬರೂ ಒಬ್ಬರೇ ಆಗಿದ್ದರು.

ಎರಡು ಹೆಸರನ್ನೂ ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಇಂಥ ಕಡೆ ನಾನು ಕಣ್ಣನ್ನು ನಂಬುವುದಿಲ್ಲ, ಬೈಟ್ ಎಣಿಸುತ್ತೇನೆ. ಒಂದಕ್ಕೆ 33 ಬಂತು, ಇನ್ನೊಂದಕ್ಕೆ 36. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅಲ್ಲಿಗೆ, ಕಾಣದ ಚಿಹ್ನೆಯೊಂದು ಎರಡನೆಯ ಹೆಸರಿನಲ್ಲಿ ಹೆಚ್ಚಾಗಿ ಕೂತಿದೆ ಎಂದಾಯಿತು. ಅದೇ ಜೀರೋ ವಿಡ್ತ್ ನಾನ್ ಜಾಯ್ನರ್. ‘ರಾಜ್’ ಮತ್ತು ‘ಕುಮಾರ್’ ನಡುವೆ ಅದು ಬೇಕೇ ಬೇಕು, ಇಲ್ಲದಿದ್ದರೆ ಕಕಾರ ಹೋಗಿ ಜಕಾರಕ್ಕೆ ಒತ್ತಾಗುತ್ತದೆ. ಕೊನೆಯ ‘ರ್’ ಆದಮೇಲೆ ಅದಕ್ಕೆ ಕೆಲಸವಿಲ್ಲ. ಆದರೂ ಅರ್ಧಾಕ್ಷರ ಬಂದಲ್ಲೆಲ್ಲ ಬೆರಳಿನ ರೂಢಿಯಿಂದ ಅದನ್ನು ಹೊಡೆಯುವವರಿದ್ದಾರೆ. ಹಳೆಯ ಟೇಬಲಿನ ಯೂನಿಕೋಡ್ ಕೊಲೇಷನ್ ಹೋಲಿಸುವಾಗ ಈ ಚಿಹ್ನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಪೋಸ್ಟ್‌ಗ್ರೆಸ್‌ನ ಮಾಮೂಲಿ ಕೊಲೇಷನ್‌ಗಳಲ್ಲಾದರೆ ಎರಡು ಪದ ಸಮ ಅನ್ನಿಸಿಕೊಳ್ಳಲು ಬೈಟಿಗೆ ಬೈಟ್ ಕೂಡಿಬರಬೇಕು. ಪದದ ಕೊನೆಯಲ್ಲಿದ್ದುದನ್ನು ಮಾತ್ರ ಕಿತ್ತೆ, ನಡುವಿನದನ್ನು ಮುಟ್ಟಲಿಲ್ಲ. ಅಣ್ಣಾವ್ರು ಮತ್ತೆ ಒಬ್ಬರೇ ಆದರು. ಆ ಸಂಜೆಯ ಸಂತೋಷವನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಬಾಯಿಬಿಟ್ಟು ಎರರ್ ಕೊಡುವ ತೊಂದರೆ ಇದಕ್ಕಿಂತ ಎಷ್ಟೋ ವಾಸಿ. ಸಾಗಿಸಿದ ಮೇಲೆ ಮೊದಲ ಹೊಸ ದಾಖಲೆ ಸೇರಿಸಹೋದರೆ ‘ಡೂಪ್ಲಿಕೇಟ್ ಕೀ’ ಎನ್ನುತ್ತದಲ್ಲ, ಅದನ್ನೇ ನೋಡಿ. ಐಡಿಗಳ ಸಮೇತ ಸಾಲುಗಳು ಬಂದಿವೆ, ಐಡಿ ಹಂಚುವ ಸೀಕ್ವೆನ್ಸ್ ಮಾತ್ರ ಇನ್ನೂ 1ರಲ್ಲೇ ನಿಂತಿದೆ. ಸೋತ ಪ್ರತಿ ಪ್ರಯತ್ನಕ್ಕೂ ಅದು ಒಂದೊಂದು ಸಂಖ್ಯೆ ಮುಂದೆ ಹೋಗುತ್ತದೆ, ರೋಲ್‌ಬ್ಯಾಕ್ ಆದರೂ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಚಿಕ್ಕ ಟೇಬಲಿನಲ್ಲಿ ‘ಸೇವ್’ ಗುಂಡಿಯನ್ನು ಒತ್ತುತ್ತಲೇ ಇದ್ದರೆ ಒಂದು ಹೊತ್ತಿಗೆ ದಾಖಲೆ ಸೇರಿಯೇಬಿಡುತ್ತದೆ! ‘ತಾನಾಗೇ ಸರಿಹೋಯ್ತು ಸಾರ್’ ಎಂದು ಅಲ್ಲಿಗೆ ಕೈಬಿಟ್ಟವರನ್ನು ನೋಡಿದ್ದೇನೆ. ಕಾರಣ ತಿಳಿಯದೆ ಸರಿಹೋದದ್ದು ಸರಿಹೋದಂತಲ್ಲ. ಸೀಕ್ವೆನ್ಸನ್ನು ಅತಿ ದೊಡ್ಡ ಐಡಿಗೆ ತಂದು ನಿಲ್ಲಿಸಲು ಒಂದೇ ಸಾಲಿನ ಆಜ್ಞೆ ಸಾಕು.

ನನಗೆ ನಿಜವಾಗಿ ಸಿಟ್ಟು ಬರುವುದು ‘ಕರೆಂಟ್ ಟ್ರಾನ್ಸಾಕ್ಷನ್ ಈಸ್ ಅಬಾರ್ಟೆಡ್’ ಎಂಬ ಸಾಲನ್ನು ಹಿಡಿದುಕೊಂಡು ಬರುವವರ ಮೇಲೆ. ಟ್ರಾನ್ಸಾಕ್ಷನ್ ನಡುವೆ ಒಂದು ಕ್ವೆರಿ ಕೆಟ್ಟರೆ ರೋಲ್‌ಬ್ಯಾಕ್ ಆಗುವವರೆಗೂ ಪೋಸ್ಟ್‌ಗ್ರೆಸ್ ಮುಂದಿನ ಯಾವ ಕ್ವೆರಿಯನ್ನೂ ನಡೆಸುವುದಿಲ್ಲ. ಪ್ರತಿಯೊಂದಕ್ಕೂ ಇದೇ ಉತ್ತರ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಕ್ವೆರಿ ಸೋತರೂ ಸಾಮಾನ್ಯವಾಗಿ ಮುಂದಿನವು ನಡೆಯುತ್ತಿದ್ದವು. ಹಾಗಾಗಿ ಹಳೆಯ ಕೋಡಿನಲ್ಲಿ ಎರರ್ ನುಂಗಿ ಮುಂದೆ ಸಾಗುವ ಜಾಗಗಳು ಬೇಕಾದಷ್ಟಿರುತ್ತವೆ. ಲಾಗ್‌ನ ಕೊನೆಯ ಸಾಲನ್ನು ನಕಲು ಮಾಡಿ ಗುಂಪಿಗೆ ಹಾಕುತ್ತಾರೆ, ಮಧ್ಯಾಹ್ನವೆಲ್ಲ ಅದರ ಮೇಲೇ ಚರ್ಚೆ. ಸ್ವಾಮಿ, ಅದು ಪರಿಣಾಮ, ಕಾರಣ ಅಲ್ಲ! ಮೇಲಕ್ಕೆ ಹೋಗಿ, ಮೊದಲ ಎರರ್ ಸಿಗುವವರೆಗೂ ಹೋಗಿ. ಬೂಲಿಯನ್ ಕಾಲಮ್‌ಗೆ ಯಾರೋ 1 ಕೊಟ್ಟಿರುತ್ತಾರೆ, ಇಲ್ಲವೇ ದೊಡ್ಡಕ್ಷರದಲ್ಲಿ ಮಾಡಿದ ಟೇಬಲಿನ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದಿರುತ್ತಾರೆ. ಅಷ್ಟೇ ಇರುತ್ತದೆ.

ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ಸಡಿಲ ಮೋಡ್‌ನಲ್ಲಿ ಮೈಎಸ್‌ಕ್ಯೂಎಲ್ ದಿನಾಂಕದ ಜಾಗದಲ್ಲಿ ಬರೀ ಸೊನ್ನೆಗಳನ್ನೂ ಇಟ್ಟುಕೊಳ್ಳುತ್ತಿತ್ತು. ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ; ಅಂಥ ದಿನ ಪಂಚಾಂಗದಲ್ಲೇ ಇಲ್ಲವಲ್ಲ. ಡೇಟಾ ಸಾಗಿಸುವ ಸಾಧನ ಪಿಜಿಲೋಡರ್ ಅದನ್ನು ‘ನಲ್’ ಮಾಡಿ ತರುತ್ತದೆ, ಅದು ಸರಿಯಾದ ದಾರಿ. ಆದರೆ ಕಾಲಮ್ ಖಾಲಿ ಇರಕೂಡದು ಎಂಬ ನಿಯಮವಿದ್ದರೆ ಎರರ್ ಬರುತ್ತದೆ. ಆಗ ಯಾರೋ ಬುದ್ಧಿವಂತರು 1970ರ ಜನವರಿ 1 ಎಂದು ತುಂಬಿಬಿಡುತ್ತಾರೆ. ಎರರ್ ಹೋಯಿತು, ಸುಳ್ಳು ಉಳಿಯಿತು! ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅದಕ್ಕೂ ಹಿಂದಿನ ಮೂಕಿಚಿತ್ರವೊಂದು 1970ರಲ್ಲಿ ತೆರೆಕಂಡಿತೆಂದು ದಾಖಲೆಯಾದರೆ, ಮುಂದೆ ಅದನ್ನು ನಂಬಿ ಬರೆಯುವವರ ಗತಿ ಏನು? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಡೇಟಾಬೇಸ್ ಜಾಗ ಕೊಟ್ಟಿದೆ, ಬಳಸಿಕೊಳ್ಳಿ. ‘ಪೋಸ್ಟ್‌ಗ್ರೆಸ್ ತುಂಬಾ ಕಿರಿಕಿರಿ’ ಎನ್ನುವವರ ಜೊತೆ ನನಗೆ ರಾಜಿಯಿಲ್ಲ. ಕೊಳೆ ಹಳೆಯದು, ಅದನ್ನು ಎತ್ತಿ ತೋರಿಸಿದ್ದು ಹೊಸಬ.

ಎರರ್ ಬಾರದ ತಪ್ಪುಗಳೇ ಕಷ್ಟ ಎಂದೆನಲ್ಲ, ಅದರಲ್ಲಿ ನನಗೆ ಅತಿ ಪ್ರಿಯವಾದದ್ದು ಅಕಾರಾದಿಯದು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಎಲ್ಲಕ್ಕೂ ಕೊನೆಗೆ. ಯೂನಿಕೋಡ್‌ನಲ್ಲಿ ಅದು ಲಕಾರದ ಬೆನ್ನಿಗೇ ಬರುತ್ತದೆ, ವಕಾರಕ್ಕಿಂತ ಮೊದಲು. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಾಕಿದ 1988ರ ಇಸ್ಕಿ ಜೋಡಣೆಯನ್ನು ಯೂನಿಕೋಡ್ ಅನುಸರಿಸಿದ್ದರ ಫಲ ಇದು. ಸಂಕೇತದ ಕ್ರಮದಲ್ಲೇ ವಿಂಗಡಿಸುವ ‘ಸಿ’ ಲೊಕೇಲ್‌ನಲ್ಲಿ ಡೇಟಾಬೇಸ್ ತೆರೆದಿದ್ದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಿಘಂಟಿನ ಪ್ರಕಾರ ಬಸವಕಲ್ಯಾಣವೇ ಮೊದಲು. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಕೊಲೇಷನ್‌ಗಳು ಸಿಗುತ್ತವೆ, ಅವುಗಳಲ್ಲಿ ಕನ್ನಡದ್ದೂ ಇದೆ. ಯಾವುದನ್ನು ಆರಿಸಿದರೂ, ಆಪನ್ನು ಜನರ ಕೈಗೆ ಕೊಡುವ ಮೊದಲು ಈ ಎರಡು ಊರುಗಳನ್ನು ಒಮ್ಮೆ ವಿಂಗಡಿಸಿ ನೋಡಿ.