ಸಣ್ಣದು ಮಾಡಲೇನ್ರಿ?

ನಮ್ಮಪ್ಪ ಫರಸಿ ಹಾಸುವವನು. ಶಹಾಬಾದದ ಕಲ್ಲನ್ನು ಸೇಡಂ, ಚಿತ್ತಾಪುರಗಳ ಎಷ್ಟೋ ಮನೆಗಳ ಪಡಸಾಲೆಗೆ ಕೂಡಿಸಿದವನು. ಅವನದು ಒಂದೇ ಒಂದು ಫೋಟೊ ಇತ್ತು, ಕಪ್ಪು-ಬಿಳುಪಿನದು. ಗಣಿಯ ಮುಂದೆ ಏಳು ಮಂದಿ ನಿಂತಿದ್ದರು. ಎಡಗಡೆಯಿಂದ ಮೂರನೆಯವನು ಅಪ್ಪ. ಫೋಟೊ ಆರಿಂಚು ಅಗಲ, ನಾಲ್ಕಿಂಚು ಎತ್ತರ. ಅದರಲ್ಲಿ ಅಪ್ಪನ ಮುಖ ಅರ್ಧ ಇಂಚು.

ಅಪ್ಪ ಹೋದ ಮೇಲೆ, 2006ರಲ್ಲಿ, ಪುಣೆಯಲ್ಲಿದ್ದ ತಮ್ಮ ಆ ಫೋಟೊ ಕೇಳಿದ. ವಾಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಹುಡುಗ ಸ್ಕ್ಯಾನ್ ಮಾಡಿ, "ಭಾಳ ದೊಡ್ಡದಾಗ್ಯದ್ರಿ, ಮೇಲ್‌ನಾಗ ಹೋಗಂಗಿಲ್ಲ. ಸಣ್ಣದು ಮಾಡಲೇನ್ರಿ?" ಅಂದ. ದೊಡ್ಡದನ್ನು ಸಿಡಿಗೆ ಹಾಕಿ ಕೊಡಲೇ ಎಂದೂ ಕೇಳಿದ, ಪಾಪ. ಸಿಡಿಯ ದುಡ್ಡು ಉಳಿಸುವ ಜಾಣತನ ನನ್ನದು. "ಸಣ್ಣದೇ ಸಾಕಪಾ" ಅಂದೆ. 20 ಕೆಬಿಯ ಅಪ್ಪ ಕ್ಷಣದಲ್ಲಿ ಪುಣೆ ಮುಟ್ಟಿದ.

2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಕಡೆ ಮನೆಗಳಿಗೆ ನೀರು ಹೊಕ್ಕಾಗ ನಮ್ಮ ಗೋಡೆಯ ಫೋಟೊ ಮುದ್ದೆಯಾಯಿತು. ಉಳಿದದ್ದು ತಮ್ಮನ ಹಳೆಯ ಮೇಲ್‌ನಲ್ಲಿದ್ದ ಆ ಸಣ್ಣದೊಂದೇ. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದೆವು. ಅಪ್ಪನ ಮುಖವಿದ್ದಲ್ಲಿ ಮಾಸಲು ಬೂದು ಚೌಕಗಳು ಮೂಡಿದವು.

ಇದರ ಲೆಕ್ಕ ನನಗೆ ತಿಳಿಯದ್ದೇನಲ್ಲ, ಅಪ್ಪನೇ ಕಲಿಸಿದ್ದ. ಹತ್ತಡಿಗೆ ಹತ್ತಡಿಯ ಪಡಸಾಲೆಗೆ ಒಂದಡಿಯ ಫರಸಿ 100 ಬೇಕು. ಅರ್ಧ ಅಡಿಯದಾದರೆ 200 ಅಲ್ಲ, 400. ಫೋಟೊದ ಚುಕ್ಕಿಗಳೂ ಹಾಗೆಯೇ. ಇಂಚಿಗೆ 300ರಂತೆ ಸ್ಕ್ಯಾನ್ ಮಾಡಿದರೆ ನಮ್ಮ ಫೋಟೊದಲ್ಲಿ 21,60,000 ಚುಕ್ಕಿ. 600ರಂತೆ ಮಾಡಿದರೆ ನಾಲ್ಕು ಪಟ್ಟು, 86,40,000. ಕಪ್ಪು-ಬಿಳುಪಿನ ಚುಕ್ಕಿಗೆ ಒಂದು ಬೈಟ್ ಸಾಕು, ಬಣ್ಣದ್ದಕ್ಕೆ ಮೂರು ಬೇಕು. ಅಂದರೆ ಇಡೀ ಅಪ್ಪನಿಗೆ ಒಂಬತ್ತು ಎಂಬಿಯೂ ಬೇಕಿರಲಿಲ್ಲ. 700 ಎಂಬಿಯ ಒಂದು ಸಿಡಿಯಲ್ಲಿ ಅಂಥ 80 ಫೋಟೊ ಹಿಡಿಯುತ್ತಿದ್ದವು. ನಮ್ಮಲ್ಲಿದ್ದದ್ದು ಒಂದು!

ಹುಡುಗ ಅದನ್ನು ಅಡ್ಡಕ್ಕೆ 320 ಚುಕ್ಕಿಗೆ ಇಳಿಸಿದ್ದ. ಅಪ್ಪನ ಮುಖದ ಅಗಲಕ್ಕೆ 300 ಸಿಗಬಹುದಾಗಿದ್ದಲ್ಲಿ ಸಿಕ್ಕದ್ದು 27. ಸಾಲದ್ದಕ್ಕೆ ಜೆಪೆಗ್ ಎಂಬ ಒತ್ತುವ ವಿಧಾನ. 1992ರಲ್ಲಿ ಅಂಗೀಕಾರವಾದ ಈ ಪದ್ಧತಿ ಚಿತ್ರವನ್ನು ಎಂಟೆಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ದೊಡ್ಡ ನೆರಳು-ಬೆಳಕನ್ನು ಇಟ್ಟುಕೊಂಡು, ಕಣ್ಣಿಗೆ ಬೀಳದ ಸಣ್ಣ ವ್ಯತ್ಯಾಸಗಳನ್ನು ಎಸೆಯುತ್ತದೆ. ಹೀಗಾಗಿ ಚುಕ್ಕಿ ಅಷ್ಟೇ ಇದ್ದರೂ ಬರಿ ಆಕಾಶದ ಚಿತ್ರ ಹಗುರ, ಒಡೆದ ಕಲ್ಲಿನ ಚಿತ್ರ ಭಾರ. ಅಪ್ಪನ ಮುಖಕ್ಕೆ ಅಡ್ಡಲಾಗಿ ಬಂದದ್ದು ಮೂರು ಚೌಕ, ಮೇಲೊಂದು ಚೂರು. ಹುಬ್ಬಿನ ಗಾಯದ ಗುರುತು ಎಸೆದದ್ದರೊಳಗೆ ಹೋಗಿತ್ತು.

ಎಸೆದದ್ದು ತಿರುಗಿ ಬರುವುದಿಲ್ಲವೇ? ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ನೆನೆದೆ. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿರುವುದು 1980ರ ದಶಕದಲ್ಲಿ ಗೊತ್ತಾಯಿತು. ವಿಗ್ರಹ ನಿಲ್ಲಿಸಲು ಯಾರೋ ಕಲ್ಲಿನಲ್ಲಿ ಕುಳಿ ಕೊರೆದಿದ್ದರು. ಅಲ್ಲಿಯ ಅಕ್ಷರಗಳು ಹೋದವು. ಆದರೆ ಅದರ ಪ್ರತ್ಯೇಕ ಶಾಸನಗಳೆರಡೂ ದೂರದ ಒಡಿಶಾದ ಧೌಲಿ, ಜೌಗಡಗಳ ಬಂಡೆಯ ಮೇಲಿವೆ. ಹೋದ ಅಕ್ಷರ ಏನಿದ್ದಿರಬೇಕೆಂದು ಅವನ್ನು ನೋಡಿ ತಿಳಿಯಬಹುದು. ಅಪ್ಪನಿಗೆ ಧೌಲಿ ಎಲ್ಲಿಂದ ತರಲಿ?

ಚಿಂಚೋಳಿಯಲ್ಲಿರುವ ಅಕ್ಕನ ಮಗ ಕಳೆದ ವರ್ಷ ಮೊಬೈಲಿನಲ್ಲಿ ಏನೋ ಒತ್ತಿ, ನಿಮಿಷದೊಳಗೆ ಆ ಚೌಕಗಳಿಂದ ಒಂದು ಮುಖ ತೆಗೆದ. ರೆಪ್ಪೆಯ ಕೂದಲು ಸಹ ಎಣಿಸಬಹುದು, ಅಷ್ಟು ಸ್ವಚ್ಛ. ಸಾವಿರಾರು ಮುಖ ನೋಡಿ ಕಲಿತ ಯಂತ್ರ ಹೀಗಿರಬಹುದೆಂದು ಊಹಿಸಿ ಬರೆದದ್ದು ಅದು. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಭಾಳ ಚೆಂದ ಇದ್ದಾನ. ಯಾರ ಪೈಕಿ?" ಅಂದಳು.

ಹುಡುಗ ಪೆಚ್ಚಾದ. ಆಮೇಲೆ ಅವಳೇ ಚೌಕದ ಫೋಟೊ ತರಿಸಿ, ಪಡಸಾಲೆಯ ಆಚೆ ತುದಿಯ ಗೋಡೆಗೆ ತೂಗುಹಾಕಲು ಹೇಳಿದಳು. ಹೊಸ್ತಿಲಲ್ಲಿ ನಿಂತು ನಾನೂ ನೋಡಿದೆ. ಅಷ್ಟು ದೂರಕ್ಕೆ ಚೌಕಗಳ ಅಂಚು ಕರಗಿ, ತಲೆ ತುಸು ಓರೆ ಮಾಡಿ ನಿಲ್ಲುವ ಅಪ್ಪ ಕಾಣುತ್ತಾನೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಇಲ್ಲ. ಅವ್ವ ಈಗ ಹೊಸ್ತಿಲ ಬಳಿಯೇ ಮಣೆ ಹಾಕಿಕೊಂಡು ಚಹಾ ಕುಡಿಯುತ್ತಾಳೆ.